ದೀಪ ಆರದ ವರ್ಷದ ಸೇವಂತಿಗೆ

ಸಸ್ಯೋದ್ಯಾನದ ಟಿಕೆಟ್ ಕಿಟಕಿಯ ಹಿಂದೆ ನನ್ನ ಅರ್ಧ ಆಯಸ್ಸು ಕಳೆಯಿತು. ಹೂವು ಬದಲಾದ ಹಾಗೆ ಕಿಟಕಿಯಾಚೆಯ ಜನವೂ ಬದಲಾಗುತ್ತಿದ್ದರು. ಪ್ಲಮ್ ಹೂವಿಗೆ ಶಾಲು ಹೊದ್ದ ಮುದುಕರು, ಚೆರ್ರಿಗೆ ಬುತ್ತಿ ಹೊತ್ತ ಸಂಸಾರಗಳು, ಮಳೆಗಾಲದ ಐರಿಸ್‌ಗೆ ಚಿತ್ರ ಬರೆಯುವ ಹೆಂಗಸರು. ಚೆರ್ರಿಯವರು ನೋಡುತ್ತಿದ್ದದ್ದು ಹೂವನ್ನೋ ಬುತ್ತಿಯನ್ನೋ ಎಂದು ನನಗೆ ಇವತ್ತಿಗೂ ಅನುಮಾನ. ನನಗೆ ಇಷ್ಟದವರು ನವೆಂಬರಿನ ಸೇವಂತಿಗೆಯವರು. ಅವರಲ್ಲೂ ಕ್ಷೌರದಂಗಡಿಯ ಕುಸಾಕಾ.

ರೈಲ್ವೆ ಸ್ಟೇಷನ್ನಿನ ಹಿಂದೆ ಅವರ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಊರಿನವರ ತಲೆಗಿಂತ ಸೇವಂತಿಗೆಯ ತಲೆಯ ಮೇಲೆಯೇ ಅವರಿಗೆ ಹೆಚ್ಚು ನಿಗಾ. ಒಂದು ಕುಂಡಕ್ಕೆ ಮೂರೇ ಕಾಂಡ, ಕಾಂಡಕ್ಕೊಂದೇ ಹೂವು. ಹಿಂದಿನ ಎತ್ತರದ್ದಕ್ಕೆ ಆಕಾಶವೆಂದು ಹೆಸರು, ಅದಕ್ಕಿಂತ ತಗ್ಗಿನದು ಭೂಮಿ, ಎಲ್ಲಕ್ಕಿಂತ ತಗ್ಗಿನದು ಮನುಷ್ಯ. ಉಳಿದ ಮೊಗ್ಗನ್ನೆಲ್ಲ ಚಿವುಟಿ, ಹೂವಿನಡಿಗೆ ತಂತಿಯ ಬಳೆ ತೊಡಿಸಿ, ಚಿಮಟದಿಂದ ಎಸಳು ತಿದ್ದಿ ನಮ್ಮ ಊರಿನ ಹವ್ಯಾಸಿಗಳು ವರ್ಷವಿಡೀ ಇದನ್ನು ಮಗುವಿನಂತೆ ಸಾಕುತ್ತಾರೆ. ನವೆಂಬರಿನಲ್ಲಿ ಉದ್ಯಾನದ ಬಿದಿರ ಚಪ್ಪರದಡಿ ಪ್ರದರ್ಶನ. ಕುಸಾಕಾ ಅವರಿಗೆ ಎರಡನೇ ಬಹುಮಾನದ ಬೆಳ್ಳಿಯ ಪಟ್ಟಿ ಎಷ್ಟೋ ಸಲ ಬಂದಿತ್ತು. ಮೊದಲ ಬಹುಮಾನದ ಚಿನ್ನದ ಪಟ್ಟಿ ಒಂದು ಸಲವೂ ಬಂದಿರಲಿಲ್ಲ.

ಅವರ ಹೆಂಡತಿ ಫುಸಾ ಕುಂಡದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ದಿನವಿಡೀ ಕೂರುತ್ತಿದ್ದರು. ಯಾರಾದರೂ ಒಂದು ಗಳಿಗೆ ನಿಂತರೆ ಸಾಕು.

"ನಮ್ಮ ಮನೆಯವರದ್ದು. ಮದುವೆ ದಿನ ನನ್ನ ತಲೆ ಕೂಡ ಇಷ್ಟು ಚೆಂದ ಬಾಚಿರಲಿಲ್ಲ ಇವರು!"

"ನಿನ್ನ ತಲೆ ಯಾವತ್ತು ನನ್ನ ಮಾತು ಕೇಳಿತ್ತು ಕಣೇ?" ಎಂದು ಕುಸಾಕಾ ನಗುತ್ತಿದ್ದರು.

ಒಂದು ವರ್ಷ ಬೇಸಿಗೆಯಲ್ಲಿ ಫುಸಾ ಹಾಸಿಗೆ ಹಿಡಿದರು. ಕುಂಡಗಳಿದ್ದ ಹಿತ್ತಲ ಕಡೆ ಗಾಜಿನ ಬಾಗಿಲಿದ್ದ ಕೋಣೆಯಲ್ಲಿ ಹಾಸಿಗೆ. ಕಾಯಿಲೆ ಬಿದ್ದ ಮೇಲೆ ಕತ್ತಲೆಂದರೆ ಅವರಿಗೆ ಎದೆ ಹಿಂಡುವಂಥ ಭಯ ಶುರುವಾಗಿತ್ತು. ರಾತ್ರಿಯಿಡೀ ದೀಪ ಉರಿಯಬೇಕು, ಎಚ್ಚರವಾದಾಗ ಗಾಜಿನಾಚೆ ಗಿಡ ಕಾಣಬೇಕು.

ಸೇವಂತಿಗೆಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಬೇಸಿಗೆ ಮುಗಿದು ಕತ್ತಲು ಉದ್ದವಾದರೆ ಮಾತ್ರ ಅದು ಮೊಗ್ಗು ಕಟ್ಟುವುದು. ರಾತ್ರಿ ಬೆಳಕು ಬಿದ್ದರೆ ಬೇಸಿಗೆ ಇನ್ನೂ ಇದೆ ಅಂದುಕೊಂಡು ಸುಮ್ಮನೆ ಎಲೆ ಬಿಡುತ್ತಾ ನಿಲ್ಲುತ್ತದೆ; ಮೊಗ್ಗು ಬಂದರೂ ತಿಂಗಳು ತಡ. ಬೀದಿದೀಪಕ್ಕೆ ಅಡ್ಡಲಾಗಿ ಕಪ್ಪು ಬಟ್ಟೆ ಕಟ್ಟುವವರು ನಮ್ಮಲ್ಲಿ ಬೇಕಾದಷ್ಟು ಜನ.

ಪ್ರದರ್ಶನಕ್ಕೆ ಕುಂಡ ತರುವ ದಿನ ಕುಸಾಕಾ ತಂದ ಗಿಡದಲ್ಲಿ ಇದ್ದದ್ದು ಹೆಸರುಕಾಳಿನಷ್ಟು ಹಸಿರು ಮೊಗ್ಗು. ಸೇವಂತಿಗೆ ಸಂಘದ ಅಧ್ಯಕ್ಷ, ಔಷಧಿ ಅಂಗಡಿಯ ಇವಾನಾಗಾ, ಬಿಡುತ್ತಾನೆಯೇ?

"ಏನಯ್ಯಾ, ಇದು ಪ್ರದರ್ಶನಕ್ಕೋ, ಸೊಪ್ಪಿನ ಸಾರಿಗೋ? ತಲೆ ನರೆತ ಮೇಲೆ ದೀಪದ ವಿಷಯ ಮರೆತೆಯಾ?"

"ಹೌದು ಮಾರಾಯ, ಮರೆತೇಬಿಟ್ಟೆ," ಎಂದು ಕುಸಾಕಾ ತಲೆ ಕೆರೆದುಕೊಂಡರು. ಎಲ್ಲರೂ ನಕ್ಕರು. ಕುಂಡಕ್ಕೆ ಸಾಲಿನಲ್ಲಿ ಜಾಗ ಸಿಗಲಿಲ್ಲ.

ವಾಪಸು ಹೊರಟವರನ್ನು ನಾನು ಗೇಟಿನಲ್ಲಿ ತಡೆದೆ. "ನೀವು ಮರೆಯೋರಾ? ಕುಂಡಗಳನ್ನ ಅಂಗಡಿ ಕಡೆ ಇಡಬಹುದಿತ್ತಲ್ಲ?"

"ಒಂದು ರಾತ್ರಿ ಇಟ್ಟಿದ್ದೆ. ಅವಳು ಎದ್ದು ನೋಡಿದಾಗ ಗಿಡ ಕಾಣ್ಲಿಲ್ಲ. 'ನಾನು ಎಲ್ಲಿದ್ದೀನಿ?' ಅಂತ ಕೇಳಿದಳು. ಬೆಳಗ್ಗೆ ಎಲ್ಲಾನೂ ತಂದು ಅಲ್ಲೇ ಇಟ್ಟೆ." ಕುಂಡವನ್ನು ಸರಿಯಾಗಿ ಹಿಡಿದುಕೊಂಡು, "ಇವತ್ತು ಅವಳೇ ಕಳಿಸಿದ್ದು. ನಮ್ಮ ಜಾಗ ಖಾಲಿ ಬಿಡಬಾರದಂತೆ," ಎಂದರು. ಇವಾನಾಗಾನಿಗೆ ಎರಡು ಮಾತು ಅಂದು ಬರೋಣ ಎಂದು ನಾನು ಹೊರಟರೆ ಕುಸಾಕಾ ಬೇಡವೆಂದು ಕೈ ಆಡಿಸಿದರು.

ಹೂವು ಅರಳಿದ್ದು ಡಿಸೆಂಬರಿನಲ್ಲಿ. ಚಪ್ಪರ ಬಿಚ್ಚಿ ಆಗಿತ್ತು. ಮಾಲಿಗಳು ಹಿಮದ ಭಾರ ತಡೆಯಲೆಂದು ಪೈನ್ ಮರದ ಕೊಂಬೆಗಳಿಗೆ ಹಗ್ಗ ಕಟ್ಟುತ್ತಿದ್ದರು. ಒಂದು ಬೆಳಗ್ಗೆ ಕುಸಾಕಾ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ರಜಾಯಿ ಸುತ್ತಿಕೊಂಡ ಫುಸಾ, ಅವರ ತೊಡೆಯ ಮೇಲೆ ಕುಂಡ, ಹೂವಿನ ಹಿಂದೆ ಅವರ ಮುಖವೇ ಕಾಣುತ್ತಿರಲಿಲ್ಲ. ಚಪ್ಪರವಿದ್ದ ಬಯಲಿನಲ್ಲಿ ತಮ್ಮ ಹಳೆಯ ಜಾಗದಲ್ಲೇ ಕುಂಡ ಇಡಿಸಿದರು. ಹಳದಿ ಟೋಪಿಯ ಶಾಲೆ ಮಕ್ಕಳು ಒಂದಿಷ್ಟು ಬಂದು ಸುತ್ತ ನಿಂತವು.

"ನಮ್ಮ ಮನೆಯವರದ್ದು," ಎಂದರು ಫುಸಾ. ಮಕ್ಕಳು ಹೋದ ಮೇಲೆ ಗಂಡನ ಕಡೆ ತಿರುಗಿದರು. "ರೀ, ನನಗೇನೂ ಗೊತ್ತಾಗಲ್ಲ ಅಂದ್ಕೊಂಡ್ರಾ? ಸೇವಂತಿಗೆಯವನ ಹೆಂಡತಿ ನಾನು. ದೀಪ ಆರಿಸಿ ಅಂತ ಹೇಳೋಣ ಅಂತ ದಿನಾ ಅಂದ್ಕೊಳ್ತಿದ್ದೆ. ಭಯ ಬಿಡಲಿಲ್ಲ."

"ಆಯ್ತು ಬಿಡು. ಚಳಿ ಇದೆ, ಹೋಗೋಣ."

"ಮುಂದಿನ ವರ್ಷ ಆರಿಸ್ತೀನಿ. ಚಿನ್ನದ ಪಟ್ಟಿ ತರಬೇಕು ನೀವು."

"ಯಾರಿಗೆ ಬೇಕೇ ಅದು?"

"ನನಗೆ ಬೇಕು."

ಐರಿಸ್ ಅರಳುವ ಹೊತ್ತಿಗೆ ಫುಸಾ ತೀರಿಕೊಂಡರು.

ಆ ನವೆಂಬರಿನಲ್ಲಿ ಕುಸಾಕಾ ಅವರ ಮೂರು ಹೂವೂ ಹೇಳಿ ಮಾಡಿಸಿದ ಹಾಗೆ ಪ್ರದರ್ಶನದ ದಿನಕ್ಕೇ ತುಂಬಿ ಅರಳಿದವು. ಒಂದು ಎಸಳೂ ಹಿಂದೆ ಬಿದ್ದಿರಲಿಲ್ಲ. ಚಿನ್ನದ ಪಟ್ಟಿಯನ್ನು ಇವಾನಾಗಾನೇ ಕಟ್ಟಿದ. ಕಟ್ಟಿ, ತಲೆ ತಗ್ಗಿಸಿ ನಿಂತ. ಸಂಘದವರು ಒಬ್ಬರೂ ಅಭಿನಂದನೆ ಹೇಳಲಿಲ್ಲ. ಹೂವು ಹೊತ್ತಿಗೆ ಸರಿಯಾಗಿ ಅರಳಿದೆ ಎಂದರೆ ಆ ಕೋಣೆಯಲ್ಲಿ ದೀಪವಿಲ್ಲ ಎಂದೇ ಅರ್ಥ. ಫುಸಾ ತೀರಿಕೊಂಡ ಮೇಲೆ ದೀಪದ ಕಥೆ ಊರೆಲ್ಲ ಹರಡಿ, ಅದು ಅವರೆಲ್ಲರಿಗೂ ಗೊತ್ತಿತ್ತು. ಕಿಟಕಿಯಲ್ಲಿ ಕೂತು ನಾನು ಟಿಕೆಟ್ ಹರಿಯುತ್ತಾ ಅತ್ತೆ. ಈಗ ನೆನೆದರೂ ಅಳು ಬರುತ್ತದೆ.

ಕುಸಾಕಾ ಮಾತ್ರ ಫುಸಾರ ಮಡಚುವ ಕುರ್ಚಿ ಬಿಡಿಸಿ ಕುಂಡದ ಪಕ್ಕ ಕೂತರು. ದೂರದ ಊರಿನ ಹೆಂಗಸೊಬ್ಬಳು ಬಂದು ನಿಂತು, "ಅಬ್ಬಾ, ಯಾರದ್ದು ಇದು?" ಎಂದಳು.

ಕುಸಾಕಾ ಎದ್ದು ನಿಂತು ಹೇಳಿದರು: "ನಮ್ಮ ಮನೆಯವಳದ್ದು."