ಬಚ್ಚಲಿಗೆ ನುಗ್ಗಿದ ಕಡವೆ

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿದ ಎರಡನೆಯ ವರ್ಷ ನನ್ನನ್ನು ಕಳಸದಾಚೆ, ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಕ್ಯಾಂಪಿಗೆ ಹಾಕಿದರು. ಮೂಡಿಗೆರೆ ಕಡೆಯ ಎಸ್ಟೇಟಿನ ಲೈನ್ ಮನೆಯಲ್ಲಿದ್ದ ಅಮ್ಮ ಉದ್ಯಾನ ಎಂದರೆ ಹೂದೋಟ ಎಂದುಕೊಂಡು, "ಸದ್ಯ, ಕಾಡಿಗೆ ಹಾಕ್ಲಿಲ್ಲ ಮಾರಾಯ್ತಿ" ಎಂದು ಸಮಾಧಾನಪಟ್ಟಿದ್ದಳು.

ಕ್ಯಾಂಪೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬಚ್ಚಲು. ಒಂದು ಕೋಣೆ ನನ್ನದು. ಇನ್ನೊಂದರಲ್ಲಿ ವಾಚರ್ ಮತ್ತು ಅವರ ಹೆಂಡತಿ. ಅವರು ಇಪ್ಪತ್ತು ವರ್ಷಗಳಿಂದ ಆ ಕಾಡಿನಲ್ಲಿದ್ದವರು. ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಮೊಬೈಲ್ ಸಿಗ್ನಲ್ ಇಲ್ಲ, ಒಂದು ವೈರ್‌ಲೆಸ್ ಸೆಟ್ ಇತ್ತು.

ಅದು ಬೆಂಕಿರೇಖೆ ಸುಡುವ ಕಾಲ. ಕಾಳ್ಗಿಚ್ಚು ದಾಟದಿರಲೆಂದು ಹುಲ್ಲನ್ನು ನಾವೇ ಪಟ್ಟಿಯಾಗಿ ಸುಡುತ್ತೇವೆ. ಬೆಳಿಗ್ಗೆ ಬೇಗ ಆ ಕೆಲಸ ಮುಗಿಸಿ ಹತ್ತು ಗಂಟೆಗೆ ಬಂದಾಗ ಮೂಗಿನೊಳಗೂ ಮಸಿ. ಅಣ್ಣ ನೀರಿನ ಪೈಪು ನೋಡಲು ಹಳ್ಳದ ಕಡೆ ಹೋದರು. ಅಕ್ಕ ಹಂಡೆಯ ಒಲೆಗೆ ಚೆನ್ನಾಗಿ ಉರಿ ಹಾಕಿಟ್ಟಿದ್ದರು, ನೀರು ಕೊತಕೊತ ಕುದಿಯುತ್ತಿತ್ತು.

ಬಚ್ಚಲಿಗೆ ಕಲ್ಲಿನ ಗೋಡೆ. ಬಾಗಿಲು ಮಾತ್ರ ಮರದ ಚೌಕಟ್ಟಿಗೆ ಹೊಡೆದ ತಗಡು. ಲಂಗವನ್ನು ಎದೆಗೆ ಕಟ್ಟಿಕೊಂಡು ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದೆ. ಹೊರಗೆ ಯಾರೋ ಸಿಳ್ಳೆ ಹಾಕಿದಂತಾಯಿತು. ಅಣ್ಣ ಕರೆಯುತ್ತಿದ್ದಾರೆಂದುಕೊಂಡು, "ಬಂದೆ ಅಣ್ಣಾ" ಎಂದೆ. ಇನ್ನೊಂದು ಸಿಳ್ಳೆ ಬೇರೆ ಕಡೆಯಿಂದ ಬಂತು. ಆಮೇಲೆ ತಗಡು ಒಳಕ್ಕೆ ಬಿತ್ತು.

ಬಿದ್ದ ತಗಡಿನ ಮೇಲೆ ಒಂದು ಹೆಣ್ಣು ಕಡವೆ. ಒದ್ದೆ ಕಲ್ಲಿನ ಮೇಲೆ ಗೊರಸು ಜಾರಿ ಮುಗ್ಗರಿಸಿ, ಎದ್ದು, ಮತ್ತೆ ಜಾರಿತು. ಅದರ ತೊಡೆಯ ಚರ್ಮ ಹರಿದು ಜೋತಾಡುತ್ತಿತ್ತು. ಇಬ್ಬರು ನಿಂತರೆ ತುಂಬುವ ಜಾಗದಲ್ಲಿ ಎಮ್ಮೆಯಷ್ಟು ಎತ್ತರದ ಪ್ರಾಣಿ. ನಾನು ಹಂಡೆಯ ಪಕ್ಕದ ಮೂಲೆಗೆ ಸೇರಿಕೊಂಡೆ. ಬಾಗಿಲಲ್ಲಿ ಸೀಳುನಾಯಿಗಳು, ಕೆಂಪು ಮೈ, ಕಪ್ಪು ಬಾಲ. ಸಿಳ್ಳೆ ಹಾಕಿದ್ದು ಇವೇ. ಎಷ್ಟಿದ್ದವೋ ಎಣಿಸಲಿಲ್ಲ. ಒಂದು ಒಳಗೇ ನುಗ್ಗಿ ಕಡವೆಯ ಹಿಂಭಾಗಕ್ಕೆ ಬಾಯಿ ಹಾಕಿತು. ಕಡವೆ ಅಡ್ಡ ತಿರುಗಿ ಒದೆಯಿತು. ಆ ಒದೆತ ನಾಯಿಗೆ ತಾಗದೆ ನನ್ನ ಮೊಣಕಾಲಿಗೆ ಬಿತ್ತು. ಒಣಕೋಲು ಮುರಿದಂಥ ಸದ್ದು ನನ್ನ ಕಾಲಿನಿಂದಲೇ ಬಂತು.

"ಅಕ್ಕಾ!" ಎಂದು ಕಿರುಚಿದೆ. ಯಾರೂ ಬರಲಿಲ್ಲ.

ಕೈಯಲ್ಲಿದ್ದ ಚೊಂಬಿನಿಂದ ಕುದಿಯುವ ನೀರು ಮೊಗೆದು ನಾಯಿಗೆ ಎರಚಿದೆ. ಅದು ಕುಂಯ್ಗುಟ್ಟಿ ಹೊರಗೋಡಿತು. ಕಡವೆ ಹೋಗಲಿಲ್ಲ. ನನ್ನ ಕಡೆಗೇ ಒತ್ತಿಕೊಂಡು ಬಂತು. ಅದರ ಭಾರಕ್ಕೆ ನನ್ನ ಬೆನ್ನು ಒಲೆಯ ಬಿಸಿ ಕಲ್ಲಿಗೆ ತಾಗಿ ಚುರ್ರೆಂದಿತು. ಅದರ ಉಸಿರು ನನ್ನ ಮುಖದ ಮೇಲಿತ್ತು. ಈ ಕೋಣೆಯಲ್ಲಿ ನಾವಿಬ್ಬರೂ ಉಳಿಯುವಂತಿಲ್ಲ ಎಂದಷ್ಟೇ ಗೊತ್ತಾಯಿತು. ಎರಡನೆಯ ಚೊಂಬನ್ನು ಅದರ ಮುಖಕ್ಕೇ ಎರಚಿದೆ.

ಕಡವೆ ಕೂಗಿದ ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಮತ್ತೊಂದು ಚೊಂಬು ಎರಚಿದೆ. ಅದು ಬಾಗಿಲಿನತ್ತ ತಿರುಗಿತು. ತಿರುಗಿ ಹೊರಟದ್ದರ ಬೆನ್ನಿಗೆ ಇನ್ನೊಂದು ಎರಚಿದೆ. ಆ ಕೊನೆಯದು ಬೇಕಿರಲಿಲ್ಲ. ಅಷ್ಟರಲ್ಲಿ ಹೆದರಿಕೆ ಹೋಗಿ ಸಿಟ್ಟು ಬಂದುಬಿಟ್ಟಿತ್ತು, ನನ್ನ ಬಳಿಗೇ ಯಾಕೆ ಬಂದೆ ಎನ್ನುವಂಥ ಸಿಟ್ಟು.

ಕಣ್ಣು ಕಾಣದ ಕಡವೆ ನೇರ ನಾಯಿಗಳ ನಡುವೆ ಹೋಯಿತು. ಅಂಗಳ ದಾಟಲಿಲ್ಲ. ಒಂದು ನಾಯಿ ಅದರ ಮೂತಿಗೆ ನೇತುಬಿತ್ತು, ಉಳಿದವು ಹಿಂದಿನಿಂದ ಹೊಟ್ಟೆ ಬಗೆದವು. ಅದು ಇನ್ನೂ ನಿಂತಿರುವಾಗಲೇ ಕರುಳು ನೆಲಕ್ಕೆ ಬಿದ್ದಿತ್ತು. ಕೂತ ಮೇಲೂ ಕತ್ತು ಎತ್ತಿಯೇ ಇತ್ತು. ನಾಯಿಗಳು ಬೊಗಳಲಿಲ್ಲ, ಜಗಳವಾಡಲಿಲ್ಲ. ಹರಿದು ನುಂಗುವ ಸದ್ದು ಮಾತ್ರ.

ಅಣ್ಣ ಕೂಗುತ್ತಾ ಕತ್ತಿ ಹಿಡಿದು ಓಡಿ ಬಂದರು. ನಾಯಿಗಳು ಸ್ವಲ್ಪ ದೂರ ಸರಿದು ಕೂತವು. ನಾನು ಬಚ್ಚಲಿನ ಹೊಸ್ತಿಲಿನವರೆಗೆ ತೆವಳಿ ಬಂದಿದ್ದೆ.

"ಕೊಂದ್ಬಿಡಿ ಅಣ್ಣಾ, ಅದಕ್ಕಿನ್ನೂ ಜೀವ ಇದೆ."

ಅವರು ಕತ್ತಿಯನ್ನೂ ಕಡವೆಯನ್ನೂ ನೋಡಿದರು. "ನಾನು ಕತ್ತಿ ಹಾಕಿದ್ರೆ ನನ್ ಮೇಲೇ ಕೇಸ್ ಆಗ್ತದೆ ಮೇಡಂ. ನೀವೇ ಬರೀಬೇಕಾಗ್ತದೆ."

"ನಾನು ಬರೆಯಲ್ಲ."

"ನಾವಿಲ್ಲಿಂದ ಹೋದ್ರೆ ಅವೇ ಬೇಗ ಮುಗಿಸ್ತವೆ. ನಿಂತಷ್ಟೂ ಅದಕ್ಕೆ ನರಳಾಟ." ಎಂದವರೇ ನನ್ನನ್ನು ಎತ್ತಿಕೊಂಡು ಒಳಗೆ ಮಲಗಿಸಿದರು. ಬಾಗಿಲು ಹಾಕಿದ ತಕ್ಷಣ ಹೊರಗೆ ಮತ್ತೆ ಶುರುವಾಯಿತು. ಬಹಳ ಹೊತ್ತೇನೂ ಆಗಲಿಲ್ಲ.

ವೈರ್‌ಲೆಸ್‌ನಲ್ಲಿ ಹೇಳಿ ಜೀಪು ತರಿಸಿ ಆಸ್ಪತ್ರೆಗೆ ಸಾಗಿಸಿದರು. ಮಂಡಿಚಿಪ್ಪು ಒಡೆದಿತ್ತು, ಬೆನ್ನಿನಲ್ಲಿ ಅಂಗೈಯಗಲ ಬೊಬ್ಬೆ. ಮೂರನೆಯ ದಿನ ರೇಂಜರ್ ಸಾಹೇಬರು ಹೇಳಿಕೆ ಬರೆದುಕೊಳ್ಳಲು ಬಂದರು.

"ಕಡವೆ ಮುಖದ ಚರ್ಮ ಸುಲಿದಿತ್ತಂತೆ. ಕಾಯಿಲೆ ಏನಾದ್ರೂ ಇತ್ತಾ?"

"ಇಲ್ಲ ಸರ್. ನಾನೇ ಕುದಿಯೋ ನೀರು ಎರಚಿದ್ದು."

ಅವರು ಪೆನ್ನು ನಿಲ್ಲಿಸಿ, "ಜೀವ ಉಳಿಸ್ಕೊಂಡ್ರಿ. ತಪ್ಪೇನಿಲ್ಲ" ಎಂದರು.

"ಕೊನೇ ಸಲ ಎರಚಿದಾಗ ಅದು ಹೊರಟಿತ್ತು ಸರ್."

ಅವರು ಸ್ವರಕ್ಷಣೆಗಾಗಿ ಬಿಸಿನೀರು ಬಳಸಲಾಯಿತು ಎಂದು ಬರೆದು ಸಹಿ ಹಾಕಿಸಿಕೊಂಡರು.

ಅಂದು ಮಧ್ಯಾಹ್ನ ಅಕ್ಕ ಗಂಜಿ ತಂದರು. ಅವರಿಗೂ ಎಲ್ಲ ಹೇಳಿದೆ, ಸಿಟ್ಟಿನಿಂದ ಎರಚಿದ್ದನ್ನೂ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು.

"ನೀವು ಕೂಗಿದ್ದು ನಂಗೆ ಕೇಳಿತ್ತು" ಎಂದರು. "ಕಿಟಕೀಲಿ ನಾಯಿ ಕಂಡೆ. ಒಳಗಿಂದ ಚಿಲ್ಕ ಹಾಕ್ಕೊಂಡೆ. ಇವ್ರು ಬರೋವರೆಗೂ ತೆಗೀಲಿಲ್ಲ."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾತ್ರೆಯನ್ನು ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದೆ. ಅಕ್ಕ ಎದ್ದು ಹೋಗಲಿಲ್ಲ. ಸಂಜೆ ಬಸ್ಸಿನ ಹೊತ್ತಾದರೂ ಅಲ್ಲೇ ಕೂತಿದ್ದರು. ಕೊನೆಗೆ ಹಸಿವಾಗಿ, ತಿರುಗಿ, "ಉಪ್ಪಿನಕಾಯಿ ತಂದಿದೀರಾ?" ಎಂದು ಕೇಳಿದೆ. ಅವರು ಅಳುತ್ತಲೇ ಬ್ಯಾಗಿಗೆ ಕೈ ಹಾಕಿದರು.

ಮಳೆಗಾಲಕ್ಕೆ ಮುಂಚೆ ಕುಂಟುತ್ತಾ ಅದೇ ಕ್ಯಾಂಪಿಗೆ ವಾಪಸು ಹೋದೆ. ಬೇರೆ ಕಡೆ ಹಾಕಿಸಿಕೊಡುತ್ತೇವೆಂದಿದ್ದರು, ನಾನೇ ಬೇಡವೆಂದೆ. ಇನ್ನೂ ಮೂರು ವರ್ಷ ನಾವು ಮೂವರೂ ಅಲ್ಲಿದ್ದೆವು.