ಜ್ವರ ಬರಬಹುದು ಎಂದು ಹೇಳಿಕೊಂಡು ತಿರುಗುವ ಮುನಿತಾಯಮ್ಮ

ಗುರುವಾರ, ಬೆಳಗಿನ ಆರು ಗಂಟೆ. ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ಹಾಲಿನವನಿಗಿಂತ ಮೊದಲೇ ಮುನಿತಾಯಮ್ಮ ಬಾಗಿಲು ತಟ್ಟುತ್ತಿದ್ದಾರೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು ಹತ್ತು ಗಂಟೆಗೆ. ಈ ಆಶಾ ಕಾರ್ಯಕರ್ತೆಗೆ ಇಷ್ಟು ಬೇಗ ಏನವಸರ ಎನ್ನಬೇಡಿ. ಜ್ವರ ಬಾರದಿರಲೆಂದು ತಾಯಂದಿರು ಚುಚ್ಚುಮದ್ದಿಗೆ ಮುಂಚೆಯೇ ಔಷಧಿ ಕುಡಿಸಿಬಿಡುವುದು ಈ ಹೊತ್ತಿನಲ್ಲೇ.

"ಮೊದ್ಲೇ ಕುಡಿಸಿದ್ರೆ ಮಗೂಗೆ ಹುಷಾರಿಲ್ದೇ ಇದ್ರೂ ನರ್ಸಮ್ಮಂಗೆ ಗೊತ್ತಾಗಲ್ಲ. ಲಸಿಕೆ ಕೆಲ್ಸಾನೂ ಒಸಿ ಕಮ್ಮಿ ಆಗ್ಬೋದು ಅಂತಾರೆ ಡಾಕ್ಟ್ರು. ಜ್ವರ ಬಂದ್ಮೇಲೆ ಕೊಡ್ಲಿ, ಯಾರ್ ಬೇಡ ಅಂದ್ರು?" ಎನ್ನುತ್ತಾರೆ ಮುನಿತಾಯಮ್ಮ.

ಹದಿನಾಲ್ಕು ವರ್ಷದ ಸೇವೆ, ಸುಮಾರು ಐನೂರು ಮನೆ, ತಿಂಗಳಿಗೆ ಹದಿನೈದಿಪ್ಪತ್ತು ಕೂಸು. ಇವತ್ತು ಅವರ ಚಿಂತೆಯೆಲ್ಲ ಬೀದಿಯ ಕೊನೆಯ ಬಾಡಿಗೆ ಮನೆಯದು. ಅಲ್ಲಿ ಲಿಂಗಸುಗೂರು ಕಡೆಯ ಪಾರವ್ವನ ಒಂದೂವರೆ ತಿಂಗಳ ಹೆಣ್ಣುಮಗುವಿದೆ. ಪಾರವ್ವ ಕರೆತರುತ್ತಾರೋ ಇಲ್ಲವೋ ಗೊತ್ತಿಲ್ಲ. ತರದಿದ್ದರೆ ತಪ್ಪು ಯಾರದೆಂದು ಮುನಿತಾಯಮ್ಮನಿಗೆ ಚೆನ್ನಾಗಿ ಗೊತ್ತು.

ಎರಡು ವರ್ಷದ ಹಿಂದೆ ಹಿರಿಮಗನಿಗೆ ಲಸಿಕೆ ಹಾಕಿಸಲು ಹೆದರಿದ ಪಾರವ್ವನಿಗೆ ಇವರು, ಏನೂ ಆಗಲ್ಲ ಬಾಮ್ಮ ಎಂದುಬಿಟ್ಟಿದ್ದರು. ಜ್ವರದ ಮಾತೆತ್ತಿದರೆ ಪಾರವ್ವ ಬರುವುದೇ ಇಲ್ಲವೆಂಬ ಭಯ. ಸಂಜೆ ಮೈ ಕಾದಾಗ ಕಂಗಾಲಾದ ಪಾರವ್ವ, ಗಾರೆ ಕೆಲಸದ ಗಂಡನ ಸೊಂಟನೋವಿನ ಮಾತ್ರೆಯನ್ನೇ ಅರ್ಧ ಮುರಿದು ಪುಡಿಮಾಡಿ ನೆಕ್ಕಿಸಿದರು. ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು. ಪುಣ್ಯಕ್ಕೆ ಉಳಿಯಿತು. ಮುಂದಿನ ಸಲ ಕರೆಯಲು ಹೋದಾಗ ಪಾರವ್ವ ಬಾಗಿಲಲ್ಲೇ ತಡೆದು ಕೇಳಿದ್ದರು: "ಏನೂ ಆಗಂಗಿಲ್ಲ ಅಂದಿದ್ರಿ. ಇನ್ನ ಹೆಂಗ ನಂಬಲಿ?"

ಆ ಹುಡುಗನಿಗೆ ಮತ್ತೆ ಲಸಿಕೆ ಬೀಳಲೇ ಇಲ್ಲ. "ಸುಳ್ಳು ಹೇಳ್ದೋಳು ನಾನೇ," ಎಂದು ಮುನಿತಾಯಮ್ಮ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಅವರು ಸೊಸೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲ. ನರ್ಸಮ್ಮ ನಡೆದು ಬಂದು ಮಾವನ ಜಗಲಿಯ ಮೇಲೆ ಕೂತು ಸಾಲಾಗಿ ಚುಚ್ಚಿ, ಕಾಲುಕಾಲು ಮಾತ್ರೆಯನ್ನು ಪೇಪರಿನ ಪೊಟ್ಟಣ ಕಟ್ಟಿ ಕೊಡುತ್ತಿದ್ದರಂತೆ. ಸಂಜೆಗೆ ಬೀದಿಯ ಕೂಸುಗಳೆಲ್ಲ ಒಟ್ಟಿಗೇ ರಾಗ ತೆಗೆಯುತ್ತಿದ್ದವು. ಆದರೂ ಯಾರೂ ಹೆದರುತ್ತಿರಲಿಲ್ಲ, ಪಕ್ಕದ ಮನೆಯದೂ ಅಳುತ್ತಿದೆಯಲ್ಲ ಎಂಬ ಧೈರ್ಯ. ಅತ್ತೆ ಮನೆಮನೆಗೂ ಹೋಗಿ ಹಣೆ ಮುಟ್ಟಿ ನೋಡಿ ಬರುತ್ತಿದ್ದರು. ಎಂಥ ಕಾಲ ಅದು! ಈಗ ಹೊಲವಿದ್ದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು, ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ತಾಯಿ. ಆ ಜಗಲಿಯ ಮಾತು ಬಂದರೆ ಮುನಿತಾಯಮ್ಮನ ಕಣ್ಣು ತುಂಬುತ್ತದೆ.

ಪಾರವ್ವ ಬಾಗಿಲು ತೆರೆದಾಗ ಅವರ ಕೈಯಲ್ಲಿ ಔಷಧಿಯ ಬಾಟಲಿಯೇ ಇದೆ. ಮೊದಲೇ ಕೊಟ್ಟರೆ ಜ್ವರವೇ ಬರುವುದಿಲ್ಲವಲ್ಲ ಎಂಬುದು ಅವರ ಲೆಕ್ಕ. ಮುನಿತಾಯಮ್ಮ ಹೊಸಿಲಲ್ಲೇ ಕೂರುತ್ತಾರೆ.

"ಜ್ವರ ಬರ್ಬೋದು ಕಣವ್ವ. ಬಂದ್ರೆ ಫೋನ್ ಮಾಡು, ನಾನು ಬರ್ತೀನಿ. ಇದನ್ನ ಈಗ ಕುಡಿಸ್ಬೇಡ, ಅಷ್ಟೇ."

ಪಾರವ್ವ ಬಾಟಲಿ ಹಿಡಿದುಕೊಂಡೇ ಒಳಗೆ ಹೋಗುತ್ತಾರೆ. ಹತ್ತಾಯಿತು, ಹನ್ನೊಂದಾಯಿತು. ಲಸಿಕೆ ಡಬ್ಬಿ ಮುಚ್ಚುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಬರುತ್ತಾರೆ. ನರ್ಸ್ ತೂಕ ನೋಡಿ, ಲಸಿಕೆ ಹಾಕಿ, ಜ್ವರ ಬಂದರೆ ಎಷ್ಟು ಕುಡಿಸಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತಾರೆ.

ಸಂಜೆ ಆರೂವರೆಗೆ ಫೋನು. ಮೈ ಬಿಸಿಯಾಗಿದೆ, ಚೀಟಿಯಲ್ಲಿರುವಷ್ಟೇ ಕುಡಿಸಿದೆ ಎನ್ನುತ್ತಾರೆ ಪಾರವ್ವ. ಹಾಲು ಕುಡಿಯುತ್ತಿದೆಯೇ ಎಂದು ಮುನಿತಾಯಮ್ಮ ವಿಚಾರಿಸುತ್ತಾರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗೋಣ ಎನ್ನುತ್ತಾರೆ. ಚಪ್ಪಲಿ ಮೆಟ್ಟಿ ಹೊರಟೂ ಆಗಿದೆ. ಪಾರವ್ವ ಮಾತ್ರ ಫೋನ್ ಇಡುವುದಿಲ್ಲ.

"ಅಕ್ಕಾರ, ಹುಡುಗಂದು ಉಳಿದಿದ್ದು ಯಾವಾಗ ಹಾಕಸ್ಬೇಕ್ರಿ?"

ಮುನಿತಾಯಮ್ಮ ನಡುಬೀದಿಯಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಬರೋ ಗುರುವಾರ ಕಣವ್ವ. ಅವನಿಗೂ ಜ್ವರ ಬರ್ಬೋದು, ಈಗ್ಲೇ ಹೇಳಿದೀನಿ."