ಯಾಕೋಬನ ಕುಸ್ತಿಯೂ ನನ್ನ ಎಡಗಾಲೂ

ನನ್ನ ಚಪ್ಪಲಿಗಳು ಅವಳಿಗಳಾಗಿ ಹುಟ್ಟಿ ಆರು ತಿಂಗಳೊಳಗೆ ದಾಯಾದಿಗಳಾಗಿಬಿಡುತ್ತವೆ. ಎಡಗಾಲಿನದು ತುದಿಯಲ್ಲಿ ಸವೆದರೆ ಬಲಗಾಲಿನದು ಹಿಮ್ಮಡಿಯಲ್ಲಿ ಸವೆಯುತ್ತದೆ. ಹೊಸ್ತಿಲಾಚೆ ಬಿಟ್ಟರೆ ಮಾತು ಬಿಟ್ಟವರಂತೆ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿಕೊಂಡು ಬಿದ್ದಿರುತ್ತವೆ. ಮೊನ್ನೆ ಹುಬ್ಬಳ್ಳಿಯ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಯಲ್ಲಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಡಗಾಲಿಂದಕ್ಕ ಒಂದು ಪದರ ಚರ್ಮಾ ಹೆಚ್ಚಿಗಿ ಕೂಡಸ್ತೇನ್ರಿ ಮಾಸ್ತರ್ರ, ನೀವು ಕುಂಟೂದು ಯಾರಿಗೂ ಗೊತ್ತಾಗಂಗಿಲ್ಲ" ಎಂದ. ಯುದ್ಧದ ಈ ತುಟ್ಟಿಯ ಕಾಲದಲ್ಲಿ ಚರ್ಮ ಕೊಡುತ್ತೇನೆನ್ನುವುದು ದೊಡ್ಡ ಉಪಕಾರವೇ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಯಾಕೆಂದು ಕೇಳುತ್ತೀರಾ? ಕೂಡ್ರಿ, ಹೇಳುತ್ತೇನೆ.

ನನ್ನ ತಂದೆ ಕ್ರೈಸ್ತ ಉಪದೇಶಿಗಳು. ವಾರವೆಲ್ಲ ಬೈಬಲ್ಲನ್ನು ಬಗಲಲ್ಲಿಟ್ಟುಕೊಂಡು ಹಳ್ಳಿ ಸುತ್ತಿ, ರವಿವಾರ ಹುಬ್ಬಳ್ಳಿಯ ನಮ್ಮ ಸಣ್ಣ ದೇವಾಲಯದಲ್ಲಿ ಬೋಧಿಸುತ್ತಿದ್ದರು. ಅವರ ಏಕಮಾತ್ರ ಸುಪುತ್ರನಾದ ನಾನು ಬೆಂಗೇರಿಯ ಗರಡಿಮನೆಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಹೊರಳಾಡುತ್ತಿದ್ದೆ. ಅಲ್ಲಿಯ ಗುರುಗಳು ಮೌಲಾಸಾಬ ವಸ್ತಾದರು; ಮೆಚ್ಚಿದ ಶಿಷ್ಯನನ್ನು ಮಾತ್ರ 'ಪಠ್ಠೆ' ಎಂದು ಕರೆಯುವವರು. ಹಿಡಿದ ಪಟ್ಟು ಬಿಟ್ಟವನಿಗೆ ಅವರಲ್ಲಿ ಕ್ಷಮೆಯೇ ಇರಲಿಲ್ಲ. ಅಪ್ಪ ಗರಡಿಯ ಓಣಿ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ನನ್ನ ಭುಜಗಳ ವೈಭವವನ್ನು ಓಣಿಯ ಜನರೆಲ್ಲ ಹೊಗಳಿದರೂ ಅವರೊಬ್ಬರು ಕಣ್ಣೆತ್ತಿ ನೋಡಲಿಲ್ಲವೆಂಬ ಕೊರಗು ನನಗಿತ್ತು.

ಆ ವೈಭವ ಮುಗಿದದ್ದು ಶಿರಗುಪ್ಪಿಯ ಕುಸ್ತಿ ಕಣದಲ್ಲಿ. ಅಲ್ಲಿಯ ಪೈಲವಾನನೊಬ್ಬ ನನ್ನನ್ನು ಜೋಳದ ಚೀಲದಂತೆ ಎತ್ತಿ ಒಗೆದ. ತೊಡೆಯ ಕೀಲು ತಪ್ಪಿತು. ಎಲುಬು ಕೂಡಿಸುವವರು ಎಳೆದರು, ಎಣ್ಣೆ ತಿಕ್ಕಿದರು, ಕಟ್ಟಿದರು, ಬಿಚ್ಚಿದರು. ಎದ್ದು ನಿಂತಾಗ ಎಡಗಾಲು ಬಲಗಾಲಿನ ಮಾತು ಕೇಳುವುದನ್ನು ಬಿಟ್ಟಿತ್ತು.

ನೋವಿಗಿಂತ ಕೆಟ್ಟದ್ದು ನಮ್ಮ ಸಭೆಯವರ ಪಿಸುಮಾತು. "ದೇವರ ಮಾತು ಸಾರೋರ ಮಗಾ ಲಂಗೋಟಿ ಕಟ್ಟಿ ಕುಣದ್ರ ದೇವರು ಸುಮ್ಮ ಬಿಡ್ತಾನೇನು?" ಎಂದರು. ನಾನದನ್ನು ನಂಬಿಬಿಟ್ಟೆ. ದೇವರಿಗೂ ನನಗೂ ಅಂದಿನಿಂದ ಮಾತುಕತೆ ಬಂದ್ ಆಯಿತು. ರವಿವಾರ ಎಲ್ಲರಿಗಿಂತ ಮೊದಲು ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಹೋದ ಮೇಲೆ ಏಳುತ್ತಿದ್ದೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಮುಂದೆ ಹೋಗುವಾಗಲೂ ಹೋಗಲಿಲ್ಲ. ಅಷ್ಟು ಜನರೆದುರು ಕುಂಟುತ್ತ ನಡೆಯುವುದಕ್ಕಿಂತ ದೇವರಿಲ್ಲದೆ ಬದುಕುವುದೇ ಸುಲಭವೆನಿಸಿತ್ತು. ಇಂಥ ಕಾಲು ಮುರಿಯುವ ದೇವರನ್ನು ತಿಳಿದುಕೊಂಡು ಆಗಬೇಕಾದದ್ದಾದರೂ ಏನು?

ಒಂದು ರವಿವಾರ ಅಪ್ಪ ಯಾವ ಮುನ್ಸೂಚನೆಯೂ ಇಲ್ಲದೆ, "ಇವತ್ತಿನ ಪಾಠ ನನ್ನ ಮಗಾ ಓದತಾನ" ಎಂದುಬಿಟ್ಟರು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಓಡಿಹೋಗೋಣವೆಂದರೆ ಓಡುವ ಕಾಲಾದರೂ ಎಲ್ಲಿತ್ತು! ಎದ್ದೆ. ಕಲ್ಲುಹಾಸಿನ ಮೇಲೆ ಕಾಲೆಳೆಯುವ ಸಪ್ಪಳ ಗುಡಿಯೆಲ್ಲ ತುಂಬಿತು. ಪುಸ್ತಕದ ಪೀಠ ಮುಟ್ಟುವಷ್ಟರಲ್ಲಿ ಬೆವರಿ ತೊಪ್ಪೆಯಾಗಿದ್ದೆ.

ಓದಬೇಕಾದದ್ದು ಯಾಕೋಬನ ಕಥೆ. ಅಣ್ಣನಿಗೆ ಹೆದರಿ ಹೊಳೆಯ ದಂಡೆಯಲ್ಲಿ ಒಬ್ಬನೇ ಉಳಿದವನನ್ನು ಅಪರಿಚಿತನೊಬ್ಬ ತೆಕ್ಕೆಗೆ ಹಿಡಿಯುತ್ತಾನೆ; ಬೆಳಗಾಗುವವರೆಗೆ ಕುಸ್ತಿ. ಗೆಲ್ಲಲಾರದ ಆ ಅಪರಿಚಿತ ಯಾಕೋಬನ ತೊಡೆಯ ಕೀಲನ್ನು ಮುಟ್ಟಿ ತಪ್ಪಿಸುತ್ತಾನೆ. ನಾನು ಬಾಲ್ಯದಿಂದ ಕೇಳಿದ ಕಥೆ, ಈ ಕೀಲಿನ ಸಂಗತಿ ಮಾತ್ರ ಕಿವಿಗೆ ಬಿದ್ದೇ ಇರಲಿಲ್ಲ. "ಬಿಡು" ಎನ್ನುತ್ತಾನೆ ಅಪರಿಚಿತ. ಕೀಲು ತಪ್ಪಿದ ನೋವಿನಲ್ಲೂ ಯಾಕೋಬ, ನೀನು ಆಶೀರ್ವದಿಸದ ಹೊರತು ಬಿಡೆನೆಂದು ಇನ್ನಷ್ಟು ಬಿಗಿಯಾಗಿ ತಬ್ಬಿಕೊಳ್ಳುತ್ತಾನೆ. ಅಷ್ಟು ಓದಿದ್ದೇ ತಡ, ಬಾಗಿಲಲ್ಲಿ ಗುಡುಗಿದಂತಾಯಿತು:

"ಶಾಬಾಸ್ ಪಠ್ಠೆ! ಬಿಡಬ್ಯಾಡ, ಹಿಡಿ!"

ಮೌಲಾಸಾಬ ವಸ್ತಾದರು! ಜೋಡು ಹೊರಗೆ ಬಿಟ್ಟು, ರುಮಾಲು ಸುತ್ತಿ, ಗರಡಿಯ ಅಂಚಿನಲ್ಲಿ ನಿಂತಂತೆಯೇ ನಿಂತಿದ್ದರು. ಹಿರಿಯರು ಬೆಂಚಿನಿಂದ ಅರ್ಧ ಎದ್ದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಗ ಅಪ್ಪ, ಜೀವಮಾನದಲ್ಲಿ ಆರಾಧನೆಯ ಕ್ರಮವನ್ನು ಕೂದಲಷ್ಟೂ ಮೀರದ ನನ್ನ ಅಪ್ಪ, ವಸ್ತಾದರ ಕಡೆ ನೋಡಿ ಗಟ್ಟಿಯಾಗಿ "ಆಮೆನ್" ಎಂದರು.

ಮುಂದಿನದನ್ನು ನಾನು ಕಣದಲ್ಲಿ ತೊಡೆ ತಟ್ಟಿದ ಹುರುಪಿನಲ್ಲೇ ಓದಿದೆ. ಯಾಕೋಬನಿಗೆ ಆಶೀರ್ವಾದವೂ ಸಿಕ್ಕಿತು, ಹೊಸ ಹೆಸರೂ ಸಿಕ್ಕಿತು. ಆ ಅಪರಿಚಿತನಲ್ಲಿ ದೇವರನ್ನೇ ಮುಖಾಮುಖಿ ಕಂಡ ಅವನು ಸೂರ್ಯೋದಯದಲ್ಲಿ ಕುಂಟುತ್ತ ಹೊರಟ. ಅಂದು ಕರ್ತನ ಭೋಜನಕ್ಕೆ ಎಲ್ಲರಿಗಿಂತ ಮುಂದೆ ನಾನೇ ಕುಂಟುತ್ತ ಹೋದೆ.

ವಸ್ತಾದರನ್ನು ಕರೆದದ್ದು ಯಾರೆಂದು ಆಮೇಲೆ ತಿಳಿಯಿತು. ಅಪ್ಪನೇ ರಸ್ತೆ ದಾಟಿ ಗರಡಿಯ ಬಾಗಿಲಿಗೆ ಹೋಗಿ, "ರವಿವಾರ ನಮ್ಮಲ್ಲಿ ಒಂದು ಕುಸ್ತಿ ಐತಿ, ಬರ್ರಿ" ಎಂದಿದ್ದರಂತೆ. ಮನೆಗೆ ಹೋಗುವಾಗ ನನಗೆ ಅವರು ಹೇಳಿದ್ದು ಇಷ್ಟು: "ದೇವರು ಸಿಟ್ಟಿಗೆದ್ದು ಯಾಕೋಬನ ಕೀಲು ತಪ್ಪಿಸಲಿಲ್ಲಪಾ. ಅಷ್ಟು ಹತ್ರ ಬಂದಿದ್ದ, ಅಷ್ಟs." ಮತ್ತೆ ಆ ದಿನ ಅವರು ನನ್ನ ನಡಿಗೆಗೆ ಹೊಂದಿಸಿಕೊಂಡು ಮನೆಯವರೆಗೂ ನಿಧಾನವಾಗಿ ನಡೆದರು.

ಅಪ್ಪ ಈಗಿಲ್ಲ. ನಾನು ಸಾಲಿಯ ಮಾಸ್ತರನಾಗಿದ್ದೇನೆ, ಹುಡುಗರು ಬೆನ್ನ ಹಿಂದೆ ನನ್ನ ನಡಿಗೆಯನ್ನು ಅಣಕಿಸುತ್ತಾರೆ. ಛಲೋ ಅಣಕಿಸಿದರೆ ಮೆಚ್ಚುತ್ತೇನೆ ಕೂಡ. ಯಲ್ಲಪ್ಪನಿಗೆ, "ಸವೆದಲ್ಲಿ ತ್ಯಾಪಿ ಹಚ್ಚಪಾ, ಎತ್ತರ ಮಾತ್ರ ಮಾಡಬ್ಯಾಡ" ಎಂದು ಹೇಳಿ, ಹೊಲಿದುಕೊಟ್ಟ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಂದ ನೇರ ಬೆಂಗೇರಿಗೆ ನಡೆದೆ. ಮುಪ್ಪಿನ ವಸ್ತಾದರಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಗರಡಿಯ ಕಟ್ಟೆಯ ಮೇಲೆ ಕೂತವರು, ನಾನಿನ್ನೂ ಓಣಿಯ ಮೂಲೆ ತಿರುಗುತ್ತಿರುವಾಗಲೇ, ನನ್ನ ಎಡ ಚಪ್ಪಲಿಯ ಸಪ್ಪಳ ಕೇಳಿ ಮುಖವರಳಿಸಿ ಕೂಗಿದರು: "ಬಾರೋ, ನನ್ನ ಪಠ್ಠೆ!"